ತೂಬಿನ ಕೀಲಿ ಯಾರ ಕೈಲಿದೆ? ಅನ್ಯಗ್ರಹದ ಸಮಾಜ ಕಟ್ಟಲು ಹೊರಟವರಿಗೆ

ನಮ್ಮಜ್ಜಿಯ ಊರಿನ ಕೆರೆಗೆ ಒಬ್ಬರು ನೀರುಗಂಟಿ ಇದ್ದರು. ಯಾರ ಗದ್ದೆಗೆ ಯಾವಾಗ ನೀರು, ಎಷ್ಟು ಹೊತ್ತು ನೀರು ಅನ್ನೋದು ಅವರ ಕೈಲಿತ್ತು. ಗದ್ದೆಯ ಯಜಮಾನ ಎಷ್ಟೇ ದೊಡ್ಡವನಾಗಲಿ, ತಾನೇ ಹೋಗಿ ತೂಬು ಎತ್ತುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಅವರು ಕಣಕ್ಕೆ ಬಂದು ತಮ್ಮ ಪಾಲಿನ ಭತ್ತ ಅಳೆಸಿಕೊಂಡು ಹೋಗುತ್ತಿದ್ದರು. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ಈ ಪದ್ಧತಿ ಇತ್ತು.

ಈ ಒಬ್ಬ ಮನುಷ್ಯರ ಸುತ್ತ ಏನೇನಿದೆ ನೋಡಿ. ಎಲ್ಲರಿಗೂ ಸಾಲದ ಒಂದು ವಸ್ತು. ಅದನ್ನು ಹಂಚಲು ಒಂದು ನಿಯಮ. ನಿಯಮ ನಡೆಸಲು ಒಂದು ಹುದ್ದೆ, ಹುದ್ದೆಗೊಂದು ಕೂಲಿ. ಕದ್ದು ನೀರು ತಿರುಗಿಸಿದವನಿಗೆ ದಂಡ. ಕೆರೆ ಕೋಡಿ ಬಿದ್ದ ವರ್ಷ ಗಂಗಮ್ಮನಿಗೆ ಬಾಗಿನ. ಸರ್ಕಾರ, ಕಾನೂನು, ದೇವರು, ಹಬ್ಬ ಎಲ್ಲವೂ ಒಂದು ತೂಬಿನ ಪಕ್ಕದಲ್ಲೇ ನಿಂತಿವೆ.

ವಿಜ್ಞಾನ ಕತೆ ಬರೆಯುವವರು ಸಾಮಾನ್ಯವಾಗಿ ಬೇರೆ ಕಡೆಯಿಂದ ಶುರು ಮಾಡುತ್ತೇವೆ. ಮೂರು ಕಣ್ಣು, ನೀಲಿ ಚರ್ಮ, ಒಬ್ಬ ಚಕ್ರವರ್ತಿ, ಒಂದು ಭಯಂಕರ ದೇವತೆ. ನನ್ನ ಮೊದಲ ಕತೆಯಲ್ಲೂ ಇದೇ ಇತ್ತು. ಓದಿದ ಗೆಳತಿ ಕೇಳಿದ್ದು ಒಂದೇ ಪ್ರಶ್ನೆ: "ಇವರಿಗೆ ಊಟ ಎಲ್ಲಿಂದ ಬರುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾನು ಕೆಲಸ ಮಾಡುವ ಕ್ರಮವನ್ನೇ ಬದಲಾಯಿಸಿದೆ. ಆ ಕ್ರಮವನ್ನು ಇಲ್ಲಿ ಒಂದು ಲೋಕ ಕಟ್ಟುತ್ತಲೇ ಹೇಳುತ್ತೇನೆ. ನೀವೂ ಒಂದು ನೋಟ್‌ಬುಕ್ ಇಟ್ಟುಕೊಂಡು ನಿಮ್ಮ ಲೋಕವನ್ನು ಜೊತೆಜೊತೆಗೆ ಕಟ್ಟುತ್ತಾ ಬನ್ನಿ.

1. ಆಕಾಶದಿಂದ ಶುರು ಮಾಡಿ

ಮೊದಲ ಸಲ ಬರೆಯುವವರು ನಿಜವಾಗಿ ಇರುವ ಒಂದು ಗ್ರಹವನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಅರ್ಧ ಕೆಲಸ ಅದೇ ಮಾಡಿಕೊಡುತ್ತೆ. ನಾನು ಪ್ರಾಕ್ಸಿಮಾ ಬಿ ತಗೊಳ್ಳುತ್ತೇನೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, ದೂರ ಸುಮಾರು 4.24 ಜ್ಯೋತಿರ್ವರ್ಷ. ಸೂರ್ಯನ ತೂಕದ ಎಂಟನೇ ಒಂದು ಭಾಗದಷ್ಟೇ ಇರುವ ಕೆಂಪು ಕುಬ್ಜ ಅದು, ಅಂದರೆ ಮಂದ ಬೆಳಕಿನ ಚಿಕ್ಕ ಕೆಂಪು ನಕ್ಷತ್ರ. ಅದನ್ನು ಸುತ್ತುವ ಈ ಗ್ರಹ ಪತ್ತೆಯಾಗಿದ್ದು 2016ರಲ್ಲಿ. ನಮಗೂ ಸೂರ್ಯನಿಗೂ ಇರುವ ದೂರದ ಇಪ್ಪತ್ತನೇ ಒಂದು ಭಾಗದಷ್ಟು ಹತ್ತಿರದಲ್ಲಿ, 11.2 ದಿನಕ್ಕೊಂದು ಸುತ್ತು ಮುಗಿಸುತ್ತೆ.

ಇಷ್ಟು ಹತ್ತಿರ ಇರುವ ಗ್ರಹ ತನ್ನ ನಕ್ಷತ್ರಕ್ಕೆ ಸದಾ ಒಂದೇ ಮುಖ ತೋರಿಸುತ್ತಾ ಇರಬಹುದು, ಚಂದ್ರ ನಮಗೆ ತೋರಿಸುವ ಹಾಗೆ. ಅಂದರೆ ಅರ್ಧ ಗ್ರಹಕ್ಕೆ ಮುಗಿಯದ ಹಗಲು, ಇನ್ನರ್ಧಕ್ಕೆ ಮುಗಿಯದ ರಾತ್ರಿ. ನಡುವೆ ಒಂದು ಪಟ್ಟಿ. ಅಲ್ಲಿ ನಮ್ಮ ಸೂರ್ಯನಿಗಿಂತ ಮೂರು ಪಟ್ಟು ಅಗಲ ಕಾಣುವ ಕೆಂಪು ಬಿಂಬ ದಿಗಂತದ ಹತ್ತಿರವೇ ನಿಂತಿರುತ್ತೆ. ಅದಕ್ಕೆ ಸಂಜೆಪಟ್ಟಿ ಅನ್ನೋಣ. ಆ ಗ್ರಹಕ್ಕೆ ಗಾಳಿ ಇದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ. ಕತೆಗಾಗಿ ಇದೆ ಅಂದುಕೊಳ್ಳೋಣ.

ನೀವು ಮಾಡಬೇಕಾದ್ದು: ನಿಮ್ಮ ಗ್ರಹದ ಬಗ್ಗೆ ಯಾರೂ ಬದಲಾಯಿಸಲಾಗದ ಒಂದೇ ಒಂದು ಸಂಗತಿ ಬರೆಯಿರಿ. ಐದು ಬೇಡ. ನನ್ನದು "ನಕ್ಷತ್ರ ಜಾಗ ಬಿಟ್ಟು ಕದಲುವುದಿಲ್ಲ."

2. ಆ ಸಂಗತಿಯನ್ನು ಗದ್ದೆಗೆ ಇಳಿಸಿ

ಕತ್ತಲ ಕಡೆಗೆ ಹೋದ ತೇವವೆಲ್ಲ ಅಲ್ಲೇ ಹೆಪ್ಪುಗಟ್ಟುತ್ತೆ. ಆ ಹಿಮ ಮೆಲ್ಲಗೆ ಜಾರಿ ಸಂಜೆಪಟ್ಟಿಯ ಅಂಚಿಗೆ ಬಂದು ಕರಗುತ್ತೆ. ಹಾಗಾಗಿ ನೀರು ಬರೋದು ಕತ್ತಲಿನಿಂದ. ಬೆಳಕು ಬರೋದು ಎದುರು ದಿಕ್ಕಿನಿಂದ. ನೆಲದ ಮಟ್ಟದ ತಣ್ಣನೆ ಗಾಳಿ ಹೆಚ್ಚಾಗಿ ಕತ್ತಲಿನಿಂದ ಬೆಳಕಿನ ಕಡೆಗೇ ಬೀಸುತ್ತೆ, ಆದ್ದರಿಂದ ಎಲ್ಲ ಮನೆಗಳ ಬೆನ್ನೂ ಕತ್ತಲಿಗೆ.

ಈಗ ನೆರಳಿನ ವಿಚಾರ ಬನ್ನಿ. ನಮ್ಮಲ್ಲಿ ಪಕ್ಕದ ಮನೆಯವರು ಮಹಡಿ ಎತ್ತಿದರೆ ನಮ್ಮ ಅಂಗಳಕ್ಕೆ ಒಂದು ಹೊತ್ತು ಬಿಸಿಲು ತಪ್ಪುತ್ತೆ. ಸೂರ್ಯ ತಿರುಗಿದ ಮೇಲೆ ಮತ್ತೆ ಬರುತ್ತೆ. ಅಲ್ಲಿ ನಕ್ಷತ್ರ ತಿರುಗುವುದೇ ಇಲ್ಲ! ದಿಗಂತದಲ್ಲಿ ನಿಂತ ಬೆಳಕಿಗೆ ಒಂದಾಳೆತ್ತರದ ಗೋಡೆಯೂ ಉದ್ದನೆ ನೆರಳು ಚೆಲ್ಲುತ್ತೆ. ಆ ನೆರಳು ಬಿದ್ದ ನೆಲದಲ್ಲಿ ಮತ್ತೆ ಏನೂ ಬೆಳೆಯಲ್ಲ. ನಿಮ್ಮ ಮುಂದಿನವರು ಎರಡು ಸಾಲು ಕಲ್ಲು ಜಾಸ್ತಿ ಇಟ್ಟರೆ ನಿಮ್ಮ ಮೊಮ್ಮಕ್ಕಳಿಗೂ ಅನ್ನ ಇಲ್ಲ. ಅಂಥ ಕಡೆ ಜನ ಮೊದಲು ಬರೆಯುವ ಕಾನೂನು ಕೊಲೆಯ ಬಗ್ಗೆ ಇರಲಿಕ್ಕಿಲ್ಲ, ಗೋಡೆಯ ಎತ್ತರದ ಬಗ್ಗೆ ಇರುತ್ತೆ. "ನೆರಳು ಹಾಕಿದವನು" ಅನ್ನೋದೇ ಅಲ್ಲಿಯ ದೊಡ್ಡ ಬೈಗುಳ. ಮುಂದಿರುವ ಸಾಲಿಗಿಂತ ಹಿಂದಿನದು ಎತ್ತರದಲ್ಲಿರುವ ಇಳಿಜಾರಿಗೆ ಚಿನ್ನದ ಬೆಲೆ. ಬಯಲಿನಲ್ಲಿ ಹುಟ್ಟಿದವರಿಗೆ ಹೆಣ್ಣು ಸಿಗುವುದು ಕಷ್ಟ.

ನನಗೆ ಈ ಗ್ರಹ ನಿಜ ಅನ್ನಿಸಿದ್ದು ನೆರಳಿನ ಬಗ್ಗೆ ಬರೆದ ಮೇಲೆಯೇ. ನಿಮ್ಮ ಲೋಕದಲ್ಲೂ ಇಂಥದೊಂದು ಜಾಗ ಸಿಗುವವರೆಗೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಬೆಳೆ, ನೀರು, ಉಸಿರು, ಮೈ ಬಿಸಿ, ಮಕ್ಕಳು ಹುಟ್ಟುವ ಜಾಗ, ಹೆಣ ಇಡುವ ಜಾಗ, ಒಂದೊಂದನ್ನೂ ಕೇಳುತ್ತಾ ಹೋಗಿ. ಉಡುಗೆ, ಆಭರಣ, ಮನೆಯ ಬಣ್ಣ ಇವೆಲ್ಲ ಆಮೇಲೆ ತಾವಾಗಿಯೇ ಬರುತ್ತವೆ.

3. ಅವರು ಕಾಲವನ್ನು ಹೇಗೆ ಅಳೆಯುತ್ತಾರೆ?

ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಕರೆಯುತ್ತಾರೆ. 27 ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅನ್ನುವ ಮಾತಿನಲ್ಲಿ ಪಂಚಾಂಗ, ಬೇಸಾಯ, ನಂಬಿಕೆ ಮೂರೂ ಸೇರಿಕೊಂಡಿವೆ. ಕಾಲ ಅಳೆಯುವ ರೀತಿ ಸಿಕ್ಕರೆ ಸಂಸ್ಕೃತಿಯ ಬುಡವೇ ಸಿಕ್ಕಿತು ಅಂತ ತಿಳಿಯಿರಿ.

ಪ್ರಾಕ್ಸಿಮಾ ಬಿಯ ಬೆಳಕಿನ ಮಗ್ಗುಲಲ್ಲಿ ನಕ್ಷತ್ರಗಳು ಕಾಣುವುದೇ ಇಲ್ಲ. ಕತ್ತಲ ಮಗ್ಗುಲಲ್ಲಿ ಮಾತ್ರ ಇಡೀ ಆಕಾಶ 11.2 ದಿನಕ್ಕೊಮ್ಮೆ ತಿರುಗುತ್ತೆ. ಹಾಗಾದರೆ ಪಂಚಾಂಗ ಬೇಕೆಂದರೆ ಯಾರಾದರೂ ಹಿಮದ ಮೇಲೆ ಕತ್ತಲಿಗೆ ನಡೆದು ಹೋಗಬೇಕು, ನೋಡಿ, ಎಣಿಸಿ, ಬದುಕಿ ವಾಪಸು ಬರಬೇಕು. ಅವರು ಹೇಳಿದ್ದನ್ನು ಊರಿನವರು ನಂಬಬೇಕು, ಪರೀಕ್ಷಿಸುವ ದಾರಿ ಇಲ್ಲ. ನೋಡಿ, ಪುರೋಹಿತರ ಒಂದು ವರ್ಗ ನಾವು ಬೇಡವೆಂದರೂ ಹುಟ್ಟಿಕೊಂಡಿತು. ಅವರಲ್ಲೊಬ್ಬ ಸುಳ್ಳು ಹೇಳಿದರೆ ಏನಾಗುತ್ತೆ? ಅಲ್ಲೇ ಒಂದು ಕಾದಂಬರಿ ಇದೆ.

ಇನ್ನೊಂದು ಚಂದದ ಸಂಗತಿ ಇದೆ. ಆ ಕತ್ತಲ ಆಕಾಶದಲ್ಲಿ ಪ್ರಾಕ್ಸಿಮಾದ ನೆರೆಯ ಜೋಡಿಯಾದ ಆಲ್ಫಾ ಸೆಂಟಾರಿಯ ಎರಡು ನಕ್ಷತ್ರಗಳು ನಮ್ಮ ಶುಕ್ರನಿಗಿಂತ ಪ್ರಕಾಶಮಾನವಾಗಿ ಕಾಣುತ್ತವೆ. ಅವೆರಡೂ ಒಂದನ್ನೊಂದು ಸುತ್ತಲು ಸುಮಾರು 80 ವರ್ಷ ಬೇಕು. ದೂರ ಸರಿದು, ಮತ್ತೆ ಹತ್ತಿರ ಬರುತ್ತವೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ಆಗುತ್ತೆ. ಒಬ್ಬರು ಆಯುಸ್ಸಿನಲ್ಲಿ ಐದಾರು ಸಲ ನೋಡಬಹುದು. 80 ವರ್ಷಕ್ಕೊಮ್ಮೆ ಬರುವ ಜಾತ್ರೆಯನ್ನು ಒಂದು ತಲೆಮಾರು ನೋಡದೆಯೇ ಸಾಯಬಹುದು. ಹಿಂದಿನ ಸಲ ಏನು ಮಾಡಿದ್ದರು ಅನ್ನೋದು ನೆನಪಿರುವ ಒಬ್ಬಳೇ ಮುದುಕಿ ಉಳಿದಿದ್ದರೆ ಅವಳ ಮಾತಿಗೆ ಎಷ್ಟು ತೂಕ ಇರಬೇಕು!

ವಯಸ್ಸಿನ ಲೆಕ್ಕವನ್ನೂ ಇಲ್ಲೇ ಮಾಡಿಕೊಳ್ಳಿ. ನಮ್ಮ ಇಪ್ಪತ್ತು ವರ್ಷ ಅವರಿಗೆ ಸುಮಾರು 650 ಸುತ್ತು.

4. ನಂಬಿಕೆಗೆ ಹುಟ್ಟಿದ ದಿನ ಕೊಡಿ

ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂತು. ಜನ ಊರು ಬಿಟ್ಟು ಓಡಿದರು. ಅದಾದ ಮೇಲೆ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು, ಇವತ್ತಿಗೂ ಪೂಜೆ ನಡೆಯುತ್ತೆ. ಹೊಸ ಭಯ ಬಂದಾಗ ಹಳೇ ಮಾರಮ್ಮ ಹೊಸ ಹೆಸರು ಇಟ್ಟುಕೊಂಡಳು. ದೇವರುಗಳು ಸೃಷ್ಟಿಯ ಮೊದಲ ದಿನದಿಂದ ಹಾಗೇ ಕೂತಿರಬೇಕಿಲ್ಲ ಅಂತ ನನಗೆ ಕಲಿಸಿದ್ದು ಈ ಗುಡಿಗಳು.

ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರ ಸೆಡ್ನಾ ಇನ್ನೊಂದು ಪಾಠ. ಅವಳು ಸಮುದ್ರದ ತಳದಲ್ಲಿ ಇರುವವಳು, ಸೀಲ್‌ಗಳೆಲ್ಲ ಅವಳವು. ಜನ ನಿಷೇಧ ಮುರಿದರೆ ಅವಳ ಕೂದಲು ಸಿಕ್ಕುಗಟ್ಟುತ್ತೆ, ಬೇಟೆ ಸಿಗದ ಹಾಗಾಗುತ್ತೆ. ಆಗ ಮಂತ್ರವಾದಿ ಮನಸ್ಸಿನಲ್ಲೇ ಸಮುದ್ರಕ್ಕಿಳಿದು ಅವಳ ತಲೆ ಬಾಚಿ ಸಮಾಧಾನ ಮಾಡಬೇಕು. ಬೇಟೆಯಿಂದಲೇ ಬದುಕುವ ಜನರ ಅತಿ ದೊಡ್ಡ ಭಯ ಒಂದು ಬಾಚಣಿಗೆಯಲ್ಲಿ ಬಂದು ನಿಂತಿದೆ. ಎಷ್ಟು ಕೈಗೆ ಸಿಗುವ ಹಾಗಿದೆ, ಅಲ್ವಾ?

ಹಾಗಾಗಿ ಪುರಾಣ ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳಿ. ಇವರ ಕೈ ಮೀರಿದ್ದು ಯಾವುದು? ಅದು ಕೊನೇ ಸಲ ದೊಡ್ಡದಾಗಿ ಬಂದಿದ್ದು ಯಾವಾಗ? ಆ ನಂಬಿಕೆಯಿಂದಾಗಿ ಒಬ್ಬ ಸಾಮಾನ್ಯ ಹೆಂಗಸು ಸಾಮಾನ್ಯ ದಿನ ಏನು ಮಾಡುತ್ತಾಳೆ, ಏನು ಮಾಡುವುದಿಲ್ಲ? ಮೂರನೆಯದಕ್ಕೆ ಉತ್ತರ ಇಲ್ಲದಿದ್ದರೆ ಆ ದೇವರನ್ನು ತೆಗೆದುಬಿಡಿ.

ನನ್ನ ಗ್ರಹಕ್ಕೆ ಉತ್ತರ ಸುಲಭವಾಗಿ ಸಿಕ್ಕಿತು. ಪ್ರಾಕ್ಸಿಮಾ ಆಗಾಗ ಜ್ವಾಲೆ ಕಾರುವ, ಅಂದರೆ ದಿಢೀರನೆ ಅಪಾಯದ ಕಿರಣ ಚಿಮ್ಮಿಸುವ ನಕ್ಷತ್ರ. 2019ರ ಮೇ ತಿಂಗಳಲ್ಲಿ ಅಂಥದೊಂದು ಭಾರಿ ಜ್ವಾಲೆಯನ್ನು ದೂರದರ್ಶಕಗಳು ಹಿಡಿದಿವೆ. ಸಂಜೆಪಟ್ಟಿಯವರಿಗೆ ಅದೇ ಮಾರಿ. ಜ್ವಾಲೆ ಬಂದಾಗ ಗಂಟೆ ಹೊಡೆಯುತ್ತಾರೆ, ಎಲ್ಲರೂ ದಪ್ಪ ಗೋಡೆಯ ಮರೆಗೆ ಓಡಬೇಕು. ಇದರಿಂದ ಒಂದು ನಿಯಮ: ಗಂಟೆ ಹೊಡೆದಾಗ ಯಾರ ಬಾಗಿಲನ್ನೂ ಯಾರಿಗೂ ಮುಚ್ಚುವ ಹಾಗಿಲ್ಲ, ಬದ್ಧ ವೈರಿಗೂ. ಒಳಗೆ ಇರುವಷ್ಟು ಹೊತ್ತು ಜಗಳ ಎತ್ತುವ ಹಾಗಿಲ್ಲ. ದಿನನಿತ್ಯದ ಆಚರಣೆಯೂ ಬಂತು. ಹೊಸ್ತಿಲ ಪಕ್ಕ ಸದಾ ಒಂದು ಚೆಂಬು ನೀರು, ಅದು ಬರುವ ಅಪರಿಚಿತರಿಗೆ. ಮನೆಯವರು ಅದನ್ನು ಮುಟ್ಟಲ್ಲ.

5. ಸರ್ಕಾರ ಅಂದರೆ ಜಗಳ ತೀರುವ ರೀತಿ

ರಾಜ, ಗಣರಾಜ್ಯ, ಒಕ್ಕೂಟ ಅಂತ ಹೆಸರು ಹಚ್ಚಿ ಕೂರಬೇಡಿ. ತೂಬಿನ ಕೀಲಿ ಯಾರ ಕೈಲಿದೆ? ಅವರ ಕೈಗೆ ಅದು ಬಂದಿದ್ದು ಹೇಗೆ? ಅವರು ಕೆಟ್ಟರೆ ಕಿತ್ತುಕೊಳ್ಳುವುದು ಹೇಗೆ? ಈ ಮೂರು ಗೊತ್ತಾದರೆ ಸರ್ಕಾರ ಗೊತ್ತಾದ ಹಾಗೆ.

ಭೂಮಿಯ ಮೇಲೇ ಜನ ಎಷ್ಟು ಥರ ಯೋಚಿಸಿದ್ದಾರೆ ಅನ್ನೋದನ್ನು ಓದಿದರೆ ಬೆರಗಾಗುತ್ತೆ. ತಮಿಳುನಾಡಿನ ಉತ್ತರಮೇರೂರಿನ ಶಾಸನ ನನ್ನ ಮೆಚ್ಚಿನದು. ಒಂದನೇ ಪರಾಂತಕ ಚೋಳನ ಕಾಲದ್ದು, ಕ್ರಿ.ಶ. 920ರ ಆಸುಪಾಸು. ಊರಿನ ಸಮಿತಿಗಳಿಗೆ ಜನರನ್ನು ಆರಿಸಲು ಅರ್ಹರ ಹೆಸರುಗಳನ್ನು ಓಲೆಯ ಮೇಲೆ ಬರೆದು ಮಡಕೆಗೆ ಹಾಕುತ್ತಿದ್ದರು. ಸಭೆಯ ಎದುರು ಒಬ್ಬ ಚಿಕ್ಕ ಹುಡುಗನ ಕೈಲಿ ಒಂದೊಂದೇ ಎತ್ತಿಸುತ್ತಿದ್ದರು. ವಯಸ್ಸು 35ರಿಂದ 70ರೊಳಗೆ ಇರಬೇಕು, ಸ್ವಂತ ಜಮೀನು, ಮನೆ ಇರಬೇಕು. ಹಿಂದೆ ಹುದ್ದೆಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೆ ಅವಕಾಶವಿಲ್ಲ, ಅವನ ನೆಂಟರಿಗೂ ಇಲ್ಲ. ಹೀಗೆ ಆರಿಸಿದ ಸಮಿತಿಗಳಲ್ಲಿ ಕೆರೆಯ ಸಮಿತಿಯೂ ಒಂದು. ಅಧಿಕಾರ ಒಂದೇ ವರ್ಷ. ಈ ಶಾಸನ ಬರೆಸಿದವರಿಗೆ ಕಳ್ಳ ಲೆಕ್ಕದ ಕಹಿ ಚೆನ್ನಾಗಿ ಗೊತ್ತಿತ್ತು ಅಂತ ಓದುವಾಗಲೇ ತಿಳಿಯುತ್ತೆ. ನಿಮ್ಮ ಅನ್ಯಲೋಕದ ಕಾನೂನೂ ಹೀಗೇ ಓದಿಸಿಕೊಳ್ಳಬೇಕು. ಪ್ರತಿ ನಿಯಮದ ಹಿಂದೆ ಯಾರೋ ಮಾಡಿದ ಮೋಸ ಕಾಣಬೇಕು.

ಇಥಿಯೋಪಿಯಾದ ಒರೊಮೊ ಜನರ ಗಡಾ ಪದ್ಧತಿಯಲ್ಲಿ ವಯಸ್ಸಿನ ತಂಡಗಳು ಸರದಿಯಂತೆ ಎಂಟು ವರ್ಷ ಆಳಿ ಮುಂದಿನವರಿಗೆ ಬಿಟ್ಟುಕೊಡುತ್ತವೆ. ಉತ್ತರ ಅಮೆರಿಕದ ಹೌಡೆನೊಸೌನಿ ಒಕ್ಕೂಟದಲ್ಲಿ ನಾಯಕರನ್ನು ಆರಿಸುವವರೂ ಕೆಳಗಿಳಿಸುವವರೂ ಕುಲದ ಹಿರಿಯ ತಾಯಂದಿರು. ನಮ್ಮ ತುಳುನಾಡಿನಲ್ಲಿ ಅಳಿಯಸಂತಾನದ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಊರಿನ ವ್ಯಾಜ್ಯ ದೈವದ ಎದುರು ತೀರುತ್ತೆ. ಇವನ್ನು ಹಾಗೇ ಎತ್ತಿ ಬೇರೆ ಗ್ರಹಕ್ಕೆ ಇಡಬೇಡಿ. ಆ ಜನರಿಗೆ ಅದು ಅವಮಾನ, ನಿಮ್ಮ ಕತೆಗೆ ಸೋಮಾರಿತನ. ಯಾವ ತೊಂದರೆಗೆ ಯಾವ ಉಪಾಯ ಹುಡುಕಿದರು ಅನ್ನೋದನ್ನು ಮಾತ್ರ ಕಲಿಯಿರಿ.

ಬಲ ಇಲ್ಲದವರ ಕೈಲಿ ಏನಿದೆ ಅಂತಲೂ ಕೇಳಿ. ನಮ್ಮ ನಾಲೆಗಳ ಕೊನೆ ಭಾಗದ ರೈತರಿಗೆ ನೀರು ಸಿಗಲ್ಲ ಅನ್ನುವ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಬಾಲಿ ದ್ವೀಪದಲ್ಲಿ ಗದ್ದೆಗಳಿಗೆ ನೀರು ಹಂಚುವ ಸುಬಕ್ ಪದ್ಧತಿಯಲ್ಲಿ ಮೇಲಿನವರು ಕೆಳಗಿನವರಿಗೆ ನೀರು ಬಿಡುತ್ತಾರೆ. ಎಲ್ಲರೂ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಗದ್ದೆ ಖಾಲಿ ಬಿಟ್ಟರೆ ಮಾತ್ರ ಕೀಟ ಸಾಯುತ್ತೆ. ಕೆಳಗಿನವರು ಬೇರೆ ಹೊತ್ತಿನಲ್ಲಿ ಬೆಳೆದರೆ ಅವರ ಗದ್ದೆಯ ಕೀಟ ಮೇಲಕ್ಕೂ ಹತ್ತುತ್ತೆ. ಯಾವಾಗ ನಾಟಿ ಅನ್ನೋದನ್ನು ನೀರಿನ ಗುಡಿಗಳಲ್ಲಿ ಸೇರಿ ತೀರ್ಮಾನಿಸುತ್ತಾರೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಇದನ್ನು ಬಿಟ್ಟು ಅವರವರ ಪಾಡಿಗೆ ಬೆಳೆದಾಗ ಕೀಟದ ಹಾವಳಿ ಎದ್ದಿತು.

ಸಂಜೆಪಟ್ಟಿಯಲ್ಲೂ ಹೀಗೆ ಎರಡು ಕೈ ಸೇರಬೇಕು. ಹಿಮದ ಹತ್ತಿರದವರಿಗೆ ನೀರು ಮೊದಲು, ಬೆಳಕು ಕೊನೆಗೆ. ಬೆಳಕಿನ ಹತ್ತಿರದವರಿಗೆ ಬೆಳಕು ಮೊದಲು, ನೀರು ಕೊನೆಗೆ. ಒಬ್ಬರು ತೂಬು ಮುಚ್ಚಬಲ್ಲರು, ಇನ್ನೊಬ್ಬರು ಗೋಡೆ ಎತ್ತಬಲ್ಲರು. ಅಲ್ಲಿಗೆ ರಾಜ ಬೇಕಾಗಿಯೇ ಇಲ್ಲ. ಪ್ರತಿ ಸುತ್ತಿಗೊಮ್ಮೆ ಎರಡೂ ಕಡೆಯವರು ಎದುರುಬದುರು ಕೂತು ಕಲ್ಲು, ನೀರು ಎರಡನ್ನೂ ಅಳೆಯುವ ಒಂದು ಕಟ್ಟೆ ಸಾಕು.

6. ಒಂದೇ ಮನಸ್ಸಿನ ಜನ ಬೇಡ

"ಆ ಗ್ರಹದವರು ಶಾಂತಿಪ್ರಿಯರು", "ಈ ಗ್ರಹದವರು ಯುದ್ಧಪ್ರಿಯರು" ಅನ್ನುವ ಸಾಲು ಕಂಡರೆ ಹೊಡೆದುಹಾಕಿ. ಒಂದು ಊರಿನ ಒಂದೇ ಬೀದಿಯಲ್ಲಿ ಎಷ್ಟು ಪಂಥ, ಎಷ್ಟು ಮುನಿಸು ಇರುತ್ತೆ ಅಂತ ನಮಗೆ ಗೊತ್ತಿದೆಯಲ್ಲ. ಜ್ವಾಲೆ ಅಂದರೆ ಕೋಪ ಅನ್ನುವವರು ಇರಲಿ. ಜ್ವಾಲೆ ಅಂದರೆ ಕರೆ ಅನ್ನುವವರೂ ಇರಲಿ, ಗಂಟೆ ಹೊಡೆದಾಗ ಹೊರಗೇ ನಿಲ್ಲುವ ನಾಲ್ಕು ಜನ. ಚೆಂಬಿನ ನೀರನ್ನು ಸುಮ್ನೆ ಅಭ್ಯಾಸಕ್ಕೆ ಇಡುವ, ಏನೂ ನಂಬದ ಒಬ್ಬ ಹುಡುಗನೂ ಇರಲಿ.

7. ಮೈ ಮತ್ತು ಮಾತು

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಸಿದ್ಧ ಸಾಧನ ಇದೆ. ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ. ಕವರ್ಗ ಗಂಟಲಿನದು, ಚವರ್ಗ ಅಂಗುಳಿನದು, ಟವರ್ಗ ನಾಲಿಗೆ ಮಡಚಿದ್ದು, ತವರ್ಗ ಹಲ್ಲಿನದು, ಪವರ್ಗ ತುಟಿಯದು. ನಿಮ್ಮ ಜೀವಿಗಳಿಗೆ ತುಟಿ ಇಲ್ಲ ಅನ್ನಿ. ಪ, ಫ, ಬ, ಭ, ಮ ಅಷ್ಟೂ ಹೋಯಿತು. ಉ, ಒ ಹೇಳಲೂ ತುಟಿ ದುಂಡಗಾಗಬೇಕು, ಅವೂ ಬೇಡ. ಅವರ ಬಾಯಲ್ಲಿ ಅಮ್ಮ ಹೊರಡಲ್ಲ, ಅಪ್ಪ ಹೊರಡಲ್ಲ. ಅಜ್ಜಿ ಹೊರಡುತ್ತೆ! ಉಳಿದ ಅಕ್ಷರಗಳಲ್ಲೇ ಹೆಸರು ಕಟ್ಟಿ: ತೀಳಿ, ಗಾರಿ, ಕೆಣ್ಣಿರ. ಇಡೀ ಊರಿನ ಹೆಸರುಗಳು ಒಂದೇ ಬಾಯಿಂದ ಬಂದ ಹಾಗೆ ಕೇಳುತ್ತವೆ.

ಇನ್ನೊಂದು ಎಚ್ಚರಿಕೆ. ನಮ್ಮ ಮಾತಿನ ತುಂಬ ನಮ್ಮ ಆಕಾಶವೇ ಇದೆ. ನಕ್ಷತ್ರ ಕದಲದ ಲೋಕದಲ್ಲಿ ಬೆಳಗಾಗಲ್ಲ, ಹೊತ್ತು ಮುಳುಗಲ್ಲ, ಹಗಲೂ ರಾತ್ರಿ ದುಡಿಯಲು ಆಗಲ್ಲ, ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಯಾರೂ ಬರಲ್ಲ. ನಿನ್ನೆ ಅನ್ನುವ ಪದಕ್ಕೂ ಅರ್ಥ ಇಲ್ಲ. ನಾನು "ಒಂದು ನಿದ್ದೆ ಹಿಂದೆ", "ಎರಡು ನಿದ್ದೆ ಆದ ಮೇಲೆ" ಅಂತ ಬರೆಯುತ್ತೇನೆ. ಮೊದಲ ಪುಟದಲ್ಲಿ ಓದುಗರು ಕೊಂಚ ತಡವರಿಸಬಹುದು, ಎರಡನೇ ಪುಟಕ್ಕೆ ಒಗ್ಗಿಕೊಳ್ಳುತ್ತಾರೆ. ಕರಡು ಮುಗಿದ ಮೇಲೆ ಈ ಒಂದು ಕೆಲಸಕ್ಕಾಗಿಯೇ ಪೂರ್ತಿ ಮತ್ತೊಮ್ಮೆ ಓದಿ.

8. ಕಟ್ಟಿದ್ದರಲ್ಲಿ ಹತ್ತರಲ್ಲೊಂದನ್ನು ಮಾತ್ರ ತೋರಿಸಿ

ನೋಟ್‌ಬುಕ್ ತುಂಬಿದ ಮೇಲೆ ಎಲ್ಲ ಹೇಳಿಬಿಡುವ ಆಸೆ ಬರುತ್ತೆ. ನನಗೂ ಬರುತ್ತೆ. ಆದರೆ ಪಾತ್ರಗಳಿಗೆ ಅವರ ಲೋಕ ಹೊಸದಲ್ಲ, ಅವರು ಅದನ್ನು ವಿವರಿಸುತ್ತಾ ನಿಲ್ಲುವುದಿಲ್ಲ. ಎಲ್ಲೋ ಒಂದು ಕಡೆ ನಿಯಮ ಮುರಿಯುವ ಹಾಗಾಗಲಿ, ಅದರಿಂದ ಇಬ್ಬರಿಗೆ ನೋವಾಗಲಿ. ಲೋಕ ತಾನಾಗಿ ಕಾಣುತ್ತೆ. ನನ್ನ ಸಂಜೆಪಟ್ಟಿಯ ಕತೆ ಶುರುವಾಗುವುದು ಹೀಗೆ:

ತೀಳಿ ಬದುವಿನ ಮಣ್ಣಿಗೆ ಅಂಗೈ ಒತ್ತಿ ನೋಡಿದಳು. ತಣ್ಣಗಿತ್ತು. ಮೂರು ನಿದ್ದೆ ಹಿಂದೆ ಇದೇ ಜಾಗ ಬೆಚ್ಚಗಿತ್ತು. ಎದುರಿಗೆ ಗಾರಿಯ ಗೋಡೆಯ ಮೇಲೆ ಒಂದು ಸಾಲು ಹೊಸ ಕಲ್ಲು.

"ಅಜ್ಜಿ, ಆ ಸಾಲು ಇಳಿಸಿ. ನನ್ನ ಪೈರು ಬಿಳುಚಿಕೊಳ್ತಿದೆ."

"ನನ್ನ ಪೈರು ಒಣಗ್ತಿದೆ ಮಗಳೇ. ನಿಮ್ಮಣ್ಣ ತೂಬು ಎತ್ತಲಿ. ನಾನೇ ಕೈಯಾರ ಇಳಿಸ್ತೀನಿ."

"ಈ ಸಲ ಹಿಮ ಕರಗಿದ್ದೇ ಕಮ್ಮಿ. ಕತ್ತಲಿಗೆ ಹೋದವರೂ ಅದನ್ನೇ ಹೇಳಿದ್ರು."

"ಅವರು ಹೇಳಿದ್ದನ್ನ ನೋಡಿದವರು ಯಾರು?"

ತೀಳಿ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಂದು, ಎರಡು, ಆಮೇಲೆ ನಿಲ್ಲದ ಹಾಗೆ. ಕೆಂಪು ಬಿಂಬದ ಅಂಚು ಬೆಳ್ಳಗಾಗುತ್ತಿತ್ತು. ಅವಳ ಮನೆ ಇಳಿಜಾರಿನ ಮೇಲೆ, ಇನ್ನೂರು ಹೆಜ್ಜೆ ದೂರ. ಗಾರಿ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಹೊಸ್ತಿಲ ಪಕ್ಕ ಚೆಂಬು ಇತ್ತು, ಅರ್ಧವೇ ತುಂಬಿತ್ತು. ಮುದುಕಿ ಏನೂ ಮಾತಾಡದೆ ಅದನ್ನು ಎತ್ತಿ ತೀಳಿಯ ಕೈಗೆ ಕೊಟ್ಟು, ಒಳಗೆ ಸರಿದು ಜಾಗ ಮಾಡಿದಳು.